ಇರುವ ಮನೆ, ಇರುವ ಜಾಗ



ನಮ್ಮಲ್ಲಿ ಬಹಳ ಜನರ ಮನೆ ಚಿಕ್ಕದು. ಒಂದೇ ಕೋಣೆ. ಅದರಲ್ಲೇ ಒಂದು ಮೂಲೆ ಅಡುಗೆಗೆ. ಮಲಗೋದು, ಉಣ್ಣೋದು, ಮಕ್ಕಳು ಓದೋದು ಎಲ್ಲಾ ಅಲ್ಲೇ. ಹೊಲದಿಂದ ಬಂದ ರಾಗಿ ಮೂಟೆ, ಜೋಳದ ಚೀಲ ಕೂಡ ಅಲ್ಲೇ.

"ಮನೆ ಇಕ್ಕಟ್ಟು, ಏನು ಮಾಡೋಕಾಗುತ್ತೆ?" ಅಂತ ನಾವು ಸುಮ್ಮನಾಗ್ತೀವಿ. ಆದರೆ ಈ ಇಕ್ಕಟ್ಟಿನ ಕಷ್ಟ ಹೆಚ್ಚು ಯಾರಿಗೆ? ಗಂಡಸರು ಕಟ್ಟೆಯ ಮೇಲೆ ಹೋಗಿ ಕೂರ್ತಾರೆ. ಹೊಗೆ ಕುಡಿಯೋದು ನಾವು. ಹುಡುಕಾಡೋದು ನಾವು. ಬಗ್ಗಿ ಎದ್ದು ಸೊಂಟ ನೋಯಿಸಿಕೊಳ್ಳೋದೂ ನಾವೇ.

ಗೋಡೆಯನ್ನು ಹಿಗ್ಗಿಸೋಕೆ ಆಗೋದಿಲ್ಲ, ನಿಜ. ಇರುವ ಜಾಗವನ್ನು ಚೆನ್ನಾಗಿ ಬಳಸೋಕೆ ಆಗುತ್ತೆ. ಹೇಗೆ ಅಂತ ನೋಡೋಣ.

ಮೊದಲು ಅಳತೆ

ಈಗ ನಮಗೆ ಅಂಕಿ ಗೊತ್ತು. ಟೇಪು ಹಿಡಿದು ಮನೆ ಅಳೆಯೋಣ. ಉದ್ದ 20 ಅಡಿ, ಅಗಲ 10 ಅಡಿ ಅಂತ ಇಟ್ಟುಕೊಳ್ಳಿ. 20ನ್ನು 10ರಿಂದ ಗುಣಿಸಿದರೆ 200. ಅಂದರೆ ಮನೆಯ ನೆಲ 200 ಚದರ ಅಡಿ.

2016ರಲ್ಲಿ ಶುರುವಾದ ಪ್ರಧಾನ ಮಂತ್ರಿ ಆವಾಸ್ ಗ್ರಾಮೀಣ ಯೋಜನೆಯಲ್ಲಿ ಮನೆ 25 ಚದರ ಮೀಟರಿಗಿಂತ ಕಡಿಮೆ ಇರಬಾರದು ಅಂತ ನಿಯಮ ಮಾಡಿದರು. ಅದು ಸುಮಾರು 270 ಚದರ ಅಡಿ. ಅಡುಗೆಯ ಜಾಗವೂ ಇದರೊಳಗೇ ಸೇರಿದೆ.

ಈಗ ಮಂಚ ಅಳೆಯಿರಿ. ಉದ್ದ 6 ಅಡಿ, ಅಗಲ 3 ಅಡಿ. ಅಂದರೆ 18 ಚದರ ಅಡಿ. ಇಂಥ ಎರಡು ಮಂಚ ಹಾಕಿದರೆ 36 ಚದರ ಅಡಿ ಹೋಯಿತು. 200ರಲ್ಲಿ 36 ಕಳೆಯಿರಿ. ಉಳಿಯೋದು 164. ಯಾವ ಸಾಮಾನು ಎಷ್ಟು ನೆಲ ತಿನ್ನುತ್ತೆ ಅಂತ ಹೀಗೆ ಲೆಕ್ಕ ಸಿಗುತ್ತೆ. ಹೊಸದಾಗಿ ಏನಾದರೂ ಕೊಳ್ಳುವ ಮುಂಚೆ ಈ ಲೆಕ್ಕ ಹಾಕಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನೋ ಗಾದೆ ಸಾಮಾನಿಗೂ ಸಲ್ಲುತ್ತೆ.

ಸಾಮಾನನ್ನು ನಾಲ್ಕು ಪಾಲು ಮಾಡಿ

ಒಂದು ದಿನ ಬಿಡುವು ಮಾಡಿಕೊಂಡು ಎಲ್ಲಾ ಸಾಮಾನು ಹೊರಗೆ ತೆಗೆಯೋಣ. ನಾಲ್ಕು ಗುಂಪು ಮಾಡೋಣ.

1. ದಿನಾ ಬೇಕಾಗುವುದು. ತಟ್ಟೆ, ಲೋಟ, ಸೌಟು, ಉಪ್ಪು, ಬೇಳೆ. ಇವು ಸೊಂಟದಿಂದ ಕಣ್ಣಿನ ಎತ್ತರದ ಒಳಗೆ ಇರಲಿ. ಬಗ್ಗುವ ಕೆಲಸ ಇಲ್ಲ, ಏರುವ ಕೆಲಸವೂ ಇಲ್ಲ.

2. ವಾರಕ್ಕೊಮ್ಮೆ ಬೇಕಾಗುವುದು. ಇವು ಕೆಳಗಿನ ಹಲಗೆಯಲ್ಲಿ ಇರಲಿ.

3. ಹಬ್ಬಕ್ಕೆ, ಮದುವೆಗೆ ಮಾತ್ರ ಬೇಕಾಗುವುದು. ದೊಡ್ಡ ಹಂಡೆ, ಹೋಳಿಗೆ ಹಂಚು, ಹೆಚ್ಚಿನ ಕೌದಿ, ಕಂಬಳಿ. ಇವು ಅಟ್ಟಕ್ಕೆ ಅಥವಾ ಮಂಚದ ಕೆಳಕ್ಕೆ ಹೋಗಲಿ.

4. ಯಾವತ್ತೂ ಬೇಡವಾದದ್ದು. ತೂತು ಬಿದ್ದ ಕೊಡ, ಮುರಿದ ಕುರ್ಚಿ, ಖಾಲಿ ಡಬ್ಬಿ. ಇವು ಗುಜರಿಗೆ ಹೋಗಲಿ. ನಾಲ್ಕು ಕಾಸೂ ಬರುತ್ತೆ. "ಇರಲಿ, ಯಾವತ್ತಾದರೂ ಬೇಕಾಗುತ್ತೆ" ಅಂತ ನಾವು ಇಟ್ಟುಕೊಂಡದ್ದರಲ್ಲೇ ಇಲಿ, ಜಿರಲೆ, ಚೇಳು ಸೇರಿಕೊಳ್ಳೋದು.

ನೆಲ ಬಿಟ್ಟು ಗೋಡೆಗೆ

ನಮ್ಮ ಅಜ್ಜಿಯಂದಿರಿಗೆ ಇದು ಚೆನ್ನಾಗಿ ಗೊತ್ತಿತ್ತು. ಹಾಲು, ಬೆಣ್ಣೆ ನೆಲುವಿನಲ್ಲಿ ತೂಗುತ್ತಿತ್ತು. ಬೆಕ್ಕಿಗೆ ಎಟುಕುತ್ತಿರಲಿಲ್ಲ, ನೆಲವೂ ಉಳಿಯುತ್ತಿತ್ತು. ಬಟ್ಟೆ ಜಂತಿಗೆ ಕಟ್ಟಿದ ಗಳದ ಮೇಲೆ ಇರುತ್ತಿತ್ತು. ದೀಪ ಗೋಡೆಯ ಗೂಡಿನಲ್ಲಿ ಇರುತ್ತಿತ್ತು. ಉತ್ತರ ಕರ್ನಾಟಕದಲ್ಲಿ ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿಡುತ್ತಿದ್ದರು.

ಆಗಿನ ಮಣ್ಣಿನ ಗೋಡೆ ದಪ್ಪ. ಅದಕ್ಕೇ ಗೋಡೆಯಲ್ಲೇ ಗೂಡು ಬಿಡಲು ಆಗುತ್ತಿತ್ತು. ಈಗಿನ ಇಟ್ಟಿಗೆ, ಬ್ಲಾಕಿನ ಗೋಡೆ ತೆಳು. ಅದನ್ನು ಕೊರೆದು ಗೂಡು ಮಾಡಬಾರದು, ಗೋಡೆ ಬಲ ಕಳೆದುಕೊಳ್ಳುತ್ತೆ. ಅದರ ಬದಲು ಹಲಗೆ ಹೊಡೆಸಬಹುದು. ಮನೆ ಕಟ್ಟುವಾಗಲೇ ಕಡಪ ಕಲ್ಲು ಇಡಿಸಿದರೆ ಇನ್ನೂ ಒಳ್ಳೆಯದು.

ಗೋಡೆ 10 ಅಡಿ ಎತ್ತರ ಇದ್ದರೆ ನಾವು ಬಳಸೋದು 6 ಅಡಿ ಮಾತ್ರ. ಮೇಲಿನ 4 ಅಡಿ ಖಾಲಿ. ಅಲ್ಲಿ, ತಲೆಗೆ ತಾಗದ ಹಾಗೆ 7 ಅಡಿ ಎತ್ತರದಲ್ಲಿ, 1 ಅಡಿ ಅಗಲದ ಹಲಗೆಯನ್ನು ಗೋಡೆ ಉದ್ದಕ್ಕೂ ಹೊಡೆಸಿ. ಗೋಡೆ 10 ಅಡಿ ಉದ್ದ ಇದ್ದರೆ 10 ಚದರ ಅಡಿ ಜಾಗ ಸಿಕ್ಕಿತು. ನೆಲ ಒಂದಿಷ್ಟೂ ಹೋಗಲಿಲ್ಲ.

ಒಂದು ಎಚ್ಚರಿಕೆ. ಮಲಗುವ ಜಾಗದ ಮೇಲೆ ಭಾರದ ಸಾಮಾನು ಬೇಡ. ಅಲ್ಲಿ ಬಟ್ಟೆಯಂಥ ಹಗುರವಾದದ್ದು ಮಾತ್ರ ಇರಲಿ.

ಒಂದೇ ಜಾಗ, ಎರಡು ಕೆಲಸ

ಮಂಚದ ಕೆಳಗೆ ಟ್ರಂಕು ಇಡಬಹುದು. ಟ್ರಂಕಿನ ಮೇಲೆ ಹಾಸಿಗೆ ಮಡಿಸಿಟ್ಟರೆ ಹಗಲು ಕೂರೋಕೆ ಆಯಿತು. ಬಾಗಿಲ ಹಿಂದೆ ಮೊಳೆ ಹೊಡೆದರೆ ಕೊಡೆ, ಚೀಲ, ಅಂಗಿ ನೇತು ಹಾಕಬಹುದು. ಮಡಿಸುವ ಕುರ್ಚಿ ಆದರೆ ನೆಂಟರು ಹೋದ ಮೇಲೆ ಗೋಡೆಗೆ ಒರಗಿಸಿ ಇಡಬಹುದು.

ಒಂದೇ ಕೋಣೆಯಲ್ಲಿ ಮರೆ ಬೇಕೇ ಬೇಕು. ಸೊಸೆ ಬಟ್ಟೆ ಬದಲಿಸಬೇಕು. ಬಾಣಂತಿ ಮಗುವಿಗೆ ಹಾಲು ಕುಡಿಸಬೇಕು. ಅದಕ್ಕೆ ಸೂರಿನವರೆಗೂ ಗೋಡೆ ಎಬ್ಬಿಸಿದರೆ ಗಾಳಿ, ಬೆಳಕು ಎರಡೂ ನಿಲ್ಲುತ್ತೆ. ತಂತಿ ಕಟ್ಟಿ ಹಳೆ ಸೀರೆಯ ಪರದೆ ಬಿಡಿ. ಬೇಡವಾದಾಗ ಸರಿಸಿದರೆ ಮತ್ತೆ ಒಂದೇ ಕೋಣೆ. ಪರದೆ ಒಲೆಯ ಹತ್ತಿರ ಮಾತ್ರ ಬರಬಾರದು.

ಅಡುಗೆ ಮೂಲೆ

ಸೌದೆ ಒಲೆಯ ಹೊಗೆ ಕಣ್ಣಿಗೂ ಶ್ವಾಸಕೋಶಕ್ಕೂ ಕೆಡುಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ 'ಅಸ್ತ್ರ' ಕೇಂದ್ರ ಹೊಗೆ ಕೊಳವೆ ಇರುವ ಅಸ್ತ್ರ ಒಲೆಯನ್ನು ರೂಪಿಸಿತು. ಅದರಲ್ಲಿ ಹೊಗೆ ಮನೆಯೊಳಗೆ ಸುತ್ತದೆ ಕೊಳವೆಯಲ್ಲಿ ಹೊರಗೆ ಹೋಗುತ್ತೆ. ಸೌದೆ ಒಲೆ ಬಳಸುವವರು ಕೊಳವೆಯನ್ನು ಆಗಾಗ ಕೆರೆದು ಮಸಿ ತೆಗೆಯಬೇಕು.

ಈಗ ಎಷ್ಟೋ ಮನೆಗಳಲ್ಲಿ ಗ್ಯಾಸ್ ಇದೆ. ಜಾಗ ಉಳಿಸಲು ಸಿಲಿಂಡರನ್ನು ಮುಚ್ಚಿದ ಕಪಾಟಿನಲ್ಲಿ ಇಡಬಾರದು. ಮಲಗಿಸಿಯೂ ಇಡಬಾರದು. ಯಾಕೆ? ಈ ಅನಿಲ ಗಾಳಿಗಿಂತ ಭಾರ. ಸೋರಿದರೆ ಮೇಲೆ ಹೋಗದೆ ನೆಲದ ಮೇಲೆ ಹರಡಿ ನಿಲ್ಲುತ್ತೆ. ಒಂದು ಕಿಡಿ ಸಾಕು. ಆದ್ದರಿಂದ ಸಿಲಿಂಡರ್ ನೆಲದ ಮೇಲೆ ನೇರವಾಗಿ, ಗಾಳಿ ಆಡುವ ಕಡೆ ನಿಂತಿರಲಿ. ಒಲೆ ಅದಕ್ಕಿಂತ ಎತ್ತರದ ಕಟ್ಟೆಯ ಮೇಲೆ ಇರಲಿ. ವಾಸನೆ ಬಂದರೆ ರೆಗ್ಯುಲೇಟರ್ ಮುಚ್ಚಿ. ಬಾಗಿಲು, ಕಿಟಕಿ ತೆಗೆಯಿರಿ. ಸ್ವಿಚ್ ಮುಟ್ಟಬೇಡಿ, ಕಡ್ಡಿ ಗೀರಬೇಡಿ. ಎಲ್ಲರೂ ಹೊರಗೆ ಬನ್ನಿ. ಹೊರಗೆ ಬಂದ ಮೇಲೆ 1906ಕ್ಕೆ ಫೋನ್ ಮಾಡಿ.

ಕಾಳಿನ ಚೀಲ ನೆಲಕ್ಕೆ ತಾಗಬಾರದು, ಗೋಡೆಗೂ ತಾಗಬಾರದು. ತೇವ ಎಳೆದು ಬೂಷ್ಟು ಬರುತ್ತೆ. ಕೆಳಗೆ ಹಲಗೆ ಹಾಕಿ, ಗೋಡೆಯಿಂದ ಒಂದು ಗೇಣು ಬಿಡಿ. ಡಬ್ಬಿಗಳ ಮೇಲೆ ಚೀಟಿ ಅಂಟಿಸಿ ಹೆಸರು ಬರೆಯೋಣ. 'ಸಕ್ಕರೆ', 'ರವೆ', 'ಸೋಡ'. ಒಂದೊಂದನ್ನೂ ಬಿಚ್ಚಿ ನೋಡುವ ಕೆಲಸ ತಪ್ಪುತ್ತೆ.

ಬೆಳೆಗೆ ಹೊಡೆಯುವ ಔಷಧಿ, ಸೀಮೆಎಣ್ಣೆ ಇವನ್ನು ಅಡುಗೆ ಮೂಲೆಯಲ್ಲಿ ಯಾವತ್ತೂ ಇಡಬಾರದು. ಮಕ್ಕಳಿಗೆ ಎಟುಕದ ಕಡೆ, ಬೀಗ ಹಾಕಿ ಬೇರೆ ಇಡಬೇಕು. ಜಾಗ ಇಲ್ಲ ಅಂತ ಊಟದ ಡಬ್ಬಿ ಪಕ್ಕ ಇಟ್ಟರೆ ಜೀವಕ್ಕೇ ಅಪಾಯ.

ಬೆಳಕು ಬಂದರೆ ಮನೆ ಅಗಲ

ಕತ್ತಲ ಕೋಣೆ ಇರೋದಕ್ಕಿಂತ ಚಿಕ್ಕದಾಗಿ ಕಾಣುತ್ತೆ. ಕತ್ತಲ ಮೂಲೆಗೆ ನಾವು ಕಾಲಿಡೋದೇ ಇಲ್ಲ. ಆ ಜಾಗ ಇದ್ದೂ ಇಲ್ಲದ ಹಾಗೆ. ಗೋಡೆಗೆ ಸುಣ್ಣ ಹೊಡೆಯಿರಿ. ಹೆಂಚಿನ ಮನೆ ಆದರೆ ಒಂದೆರಡು ಗಾಜಿನ ಹೆಂಚು ಹಾಕಿಸಿ. ಹಗಲು ದೀಪ ಬೇಕಾಗೋದಿಲ್ಲ. ಮಾಳಿಗೆ ಮನೆ ಆದರೆ ಬೆಳಕಿಂಡಿ ಮುಚ್ಚಬೇಡಿ. ಕಿಟಕಿಯ ಮುಂದೆ ಮೂಟೆ ಪೇರಿಸಬೇಡಿ.

ನಮಗೂ ಒಂದು ಜಾಗ

ಎಲ್ಲಾ ಜೋಡಿಸಿದ ಮೇಲೆ ಒಂದು ಪ್ರಶ್ನೆ ಕೇಳಿಕೊಳ್ಳೋಣ. ಈ ಮನೆಯಲ್ಲಿ ಮಗಳು ಓದಲು ಎಲ್ಲಿ ಕೂರ್ತಾಳೆ? ಮಗನಿಗೆ ಕಿಟಕಿಯ ಬೆಳಕು, ಮಗಳಿಗೆ ಒಲೆಯ ಮುಂದೆ ಅಂತ ಆಗಿದೆಯಾ? ಬೆಳಕಿರುವ ಕಡೆ ಇಬ್ಬರಿಗೂ 2 ಅಡಿ ಜಾಗ ಕೊಡೋಣ. ಗೋಡೆಗೆ ಒಂದು ಚಿಕ್ಕ ಹಲಗೆ ಪುಸ್ತಕಕ್ಕೆ ಸಾಕು.

ಅದರ ಪಕ್ಕ ನಮ್ಮ ಸ್ಲೇಟು, ನಮ್ಮ ಪುಸ್ತಕಕ್ಕೂ ಜಾಗ ಇರಲಿ. ರೇಷನ್ ಕಾರ್ಡು, ಬ್ಯಾಂಕಿನ ಪಾಸ್‌ಬುಕ್ಕು, ಮನೆಯ ಹಕ್ಕುಪತ್ರ ಒಂದೇ ತಗಡಿನ ಡಬ್ಬಿಯಲ್ಲಿ ಇರಲಿ. ಅದು ಎಲ್ಲಿದೆ ಅಂತ ನಮಗೆ ಗೊತ್ತಿರಲಿ. ಅದರಲ್ಲಿ ಏನು ಬರೆದಿದೆ ಅಂತ ಈಗ ನಾವೇ ಓದಬಹುದು.

ಇದು ನಮ್ಮೊಬ್ಬರ ಕೆಲಸವೂ ಅಲ್ಲ. ಮನೆ ಎಲ್ಲರದು. ಹಲಗೆ ಹೊಡೆಯೋಕೆ ಮನೆಯವರು ಬರಲಿ. ತೆಗೆದದ್ದನ್ನು ಅದೇ ಜಾಗದಲ್ಲಿ ಇಡೋದನ್ನು ಮಕ್ಕಳೂ ಕಲಿಯಲಿ, ದೊಡ್ಡವರೂ ಕಲಿಯಲಿ.

ಮಾಡಿ ನೋಡೋಣ

1. ನಿಮ್ಮ ಮನೆಯ ಉದ್ದ, ಅಗಲ ಅಳೆದು ಬರೆಯಿರಿ. ಎಷ್ಟು ಚದರ ಅಡಿ ಆಯಿತು?
2. ಐದು ಡಬ್ಬಿಗಳಿಗೆ ಹೆಸರು ಬರೆದು ಅಂಟಿಸಿ.
3. ಈ ವರ್ಷ ಒಂದು ಸಲವೂ ಬಳಸದ ಮೂರು ಸಾಮಾನಿನ ಹೆಸರು ಬರೆಯಿರಿ.
4. ನಿಮ್ಮ ಮನೆಯಲ್ಲಿ ಹೆಣ್ಣುಮಕ್ಕಳು ಓದುವ ಜಾಗ ಯಾವುದು? ಮುಂದಿನ ಪಾಠದ ದಿನ ಎಲ್ಲರಿಗೂ ಹೇಳಿ.