ಹುಲ್ಲುಹಾಸಿಗೆ ಮಳೆಯೇ ಪಂಚಾಂಗ

ಬೆಂಗಳೂರು, ಮೈಸೂರು, ತುಮಕೂರಿನಂಥ ಊರುಗಳಲ್ಲಿ ಮನೆಯಂಗಳದ ಹುಲ್ಲುಹಾಸಿಗೆ ಗೊಬ್ಬರ ಹಾಕುವುದು, ಕಳೆ ಕೀಳುವುದು, ಹುಳು ತಡೆಯುವುದು ಒಂದಕ್ಕೊಂದು ಹೆಣೆದುಕೊಂಡ ಕೆಲಸಗಳು. ಸಾರ ಸಾಲದೆ ಹುಲ್ಲು ತೆಳುವಾದರೆ ಬಿಸಿಲು ನೆಲ ಮುಟ್ಟಿ ಕಳೆಬೀಜ ಮೊಳೆಯುತ್ತದೆ. ಸಾರ ಹೆಚ್ಚಾದರೆ ಎಳಸಾಗಿ ಬೆಳೆದ ಗರಿಗಳಿಗೆ ಹುಳು ಬೀಳುತ್ತದೆ. ಅಮೆರಿಕದಲ್ಲಿ ಗೊಬ್ಬರ, ಕಳೆನಾಶಕ ಎರಡನ್ನೂ ಬೆರೆಸಿದ ಚೀಲಗಳು ಋತುವಿಗೊಂದರಂತೆ ಸಿಗುತ್ತವೆ. ಅಲ್ಲಿನ ಲೆಕ್ಕ ಚಳಿ ಬಿಟ್ಟು ನೆಲ ಬಿಸಿಯಾಗುವ ಕಾಲವನ್ನು ಹಿಡಿದದ್ದು. ಇಲ್ಲಿ ಹುಲ್ಲು ಚಿಗುರುವುದು ಮಳೆಗೆ. ಆದ್ದರಿಂದ ಆ ವೇಳಾಪಟ್ಟಿ ಇಲ್ಲಿಗೆ ಹೊಂದುವುದಿಲ್ಲ.

ನರ್ಸರಿಗಳಲ್ಲಿ ಬರ್ಮುಡ, ಮೆಕ್ಸಿಕನ್, ಕೊರಿಯನ್ ಕಾರ್ಪೆಟ್ ಎಂದೆಲ್ಲ ಕರೆಯುವ ಹುಲ್ಲುಗಳು ಸೆಕೆಯ ನಾಡಿನವು. ಬರ್ಮುಡ ಎಂದರೆ ಗಣಪತಿಗೆ ಏರಿಸುವ ಗರಿಕೆಯ ಬಳಗವೇ. ಏಪ್ರಿಲ್ ಕೊನೆಯ ಭರಣಿ ಮಳೆ ಬಿದ್ದು ನೆಲ ಹದವಾದಾಗ ಇವಕ್ಕೆ ಮೊದಲ ಊಟ. ಯೂರಿಯಾದಲ್ಲಿ ಸಾರಜನಕ ಶೇ. 46ರಷ್ಟಿರುವುದರಿಂದ ಚದರ ಮೀಟರಿಗೆ 10 ಗ್ರಾಂ ಸಾಕು, ಅಂದರೆ 10 ಮೀಟರ್ ಉದ್ದ, 10 ಮೀಟರ್ ಅಗಲದ ಅಂಗಳಕ್ಕೆ ಒಂದು ಕಿಲೋ. ಅದನ್ನು ಎರಡು ಪಾಲು ಮಾಡಿ, ಒಂದನ್ನು ಉದ್ದಕ್ಕೂ ಇನ್ನೊಂದನ್ನು ಅಡ್ಡಕ್ಕೂ ಎರಚಿದರೆ ಹಸಿರು ಪಟ್ಟೆಪಟ್ಟೆಯಾಗುವುದಿಲ್ಲ. ಗರಿಗಳ ಮೇಲೆ ಇಬ್ಬನಿ ಇರುವಾಗ ಎರಚಿದರೆ ಕಾಳು ಅಂಟಿಕೊಂಡು ಸುಡುತ್ತದೆ. ಒಣಗಿದ ಮೇಲೆ ಎರಚಿ, ಕೂಡಲೇ ನೀರು ಹಾಯಿಸಬೇಕು. ಮುಂಗಾರಿನ ನಡುವೆ ಇನ್ನೊಮ್ಮೆ, ಹಿಂಗಾರು ಮುಗಿಯುವ ಮೊದಲು ಪೊಟ್ಯಾಷ್ ಇರುವ ಮಿಶ್ರ ಗೊಬ್ಬರ ಮತ್ತೊಮ್ಮೆ ಕೊಟ್ಟರೆ ವರ್ಷದ ಲೆಕ್ಕ ಮುಗಿಯಿತು. ಡಿಸೆಂಬರ್, ಜನವರಿಯ ಚಳಿಯಲ್ಲಿ ಬೆಳವಣಿಗೆ ಕುಂಠಿತ. ಆಗ ಹಾಕಿದ ಗೊಬ್ಬರ ಬಹುಪಾಲು ದಂಡ. ಕತ್ತರಿಸಿದ ಹುಲ್ಲಿನ ಚೂರುಗಳನ್ನು ಅಲ್ಲೇ ಬಿಟ್ಟರೆ ಅವು ಕೊಳೆತು ಸಾರಜನಕ ನೆಲಕ್ಕೆ ಮರಳುತ್ತದೆ. ಅವನ್ನು ಗುಡಿಸಿ ಕಸದ ಗಾಡಿಗೆ ಕೊಟ್ಟು, ಅಂಗಡಿಯಿಂದ ಯೂರಿಯಾ ತರುವುದು ವಿಚಿತ್ರ ವ್ಯಾಪಾರ.

ಕಳೆಯ ದೊಡ್ಡ ದಾರಿ ಗೊಬ್ಬರವೇ. ಬೇಸಿಗೆಗೆ ಮೊದಲು ಟ್ರಾಕ್ಟರಿನಲ್ಲಿ ಬರುವ ಕೆಂಪು ಮಣ್ಣು, ಅರೆಕೊಳೆತ ಸಗಣಿ ಗೊಬ್ಬರದೊಂದಿಗೆ ಕಾಂಗ್ರೆಸ್ ಗಿಡದ ಬೀಜವೂ ಜೇಕಿನ ಗಡ್ಡೆಯೂ ಬರುತ್ತವೆ. ಚೆನ್ನಾಗಿ ಕಳಿತು ಪುಡಿಯಾದ, ಸಗಣಿಯ ವಾಸನೆ ಹೋದ ಗೊಬ್ಬರವನ್ನು ಜರಡಿ ಹಿಡಿದೇ ಹಾಕಬೇಕು.

ಜೇಕು ಹುಲ್ಲಿನಂತೆ ಕಂಡರೂ ಹುಲ್ಲಲ್ಲ; ದಂಟನ್ನು ಬೆರಳ ನಡುವೆ ಹೊರಳಿಸಿದರೆ ಮೂರು ಮೂಲೆ ಸಿಗುತ್ತದೆ. ಎಳೆದರೆ ಮೇಲಿನದು ಕೈಗೆ ಬಂದು, ಸರಪಳಿಯಂತೆ ಹಬ್ಬಿದ ಗಡ್ಡೆಗಳು ನೆಲದಲ್ಲೇ ಉಳಿದು ಮತ್ತೆ ಚಿಗುರುತ್ತವೆ. ಮಳೆ ಬಿದ್ದ ಮರುದಿನ ಕುರ್ಜಿಗೆಯಿಂದ ಗಡ್ಡೆಸಮೇತ ಅಗೆಯಬೇಕು, ಹೊಸ ಚಿಗುರು ಕಂಡಾಗಲೆಲ್ಲ ಮತ್ತೆ ಅಗೆಯಬೇಕು. ಅಗಲ ಎಲೆಯ ಕಳೆಗೆ ಬಳಸುವ 2,4-ಡಿ ಇದಕ್ಕೆ ಸರಿಯಾದ ಮದ್ದಲ್ಲ. ಅದರ ತುಂತುರು ಗಾಳಿಗೆ ಹಾರಿದರೆ ಪಕ್ಕದ ಟೊಮೆಟೊ, ದಾಸವಾಳದ ಎಲೆಗಳು ಮುರುಟುತ್ತವೆ. ಸಣ್ಣ ಅಂಗಳಕ್ಕೆ ಕೈಯೇ ಮೇಲು. ಗ್ಲೈಫೋಸೇಟ್ ಅಂತೂ ಕಳೆಯ ಜೊತೆ ಹುಲ್ಲುಹಾಸನ್ನೂ ಕೊಲ್ಲುತ್ತದೆ. ತಂಪು ಮೂಲೆಯಲ್ಲಿ ಹಬ್ಬುವ ಒಂದೆಲಗ ಲೆಕ್ಕಕ್ಕೆ ಕಳೆಯೇ, ಆದರೆ ಮದ್ದು ಬೀಳದ ಅಂಗಳದಲ್ಲಿ ಅದು ತಂಬುಳಿಗೆ ಆಗುತ್ತದೆ.

ಹುಳುಗಳಲ್ಲಿ ಹೆಚ್ಚು ಹಾನಿ ಗೊಣ್ಣೆಹುಳುವಿನದು. ಮೊದಲ ಮಳೆ ಬಿದ್ದ ಸಂಜೆ ಇದರ ಕಂದು ದುಂಬಿಗಳು ನೆಲದಿಂದೆದ್ದು ಬೇವು, ಜಾಲಿಯ ಎಲೆ ತಿಂದು, ಬೆಳಗಾಗುವಷ್ಟರಲ್ಲಿ ಮಣ್ಣಿಗೆ ಮರಳಿ ಮೊಟ್ಟೆಯಿಡುತ್ತವೆ. ಮರಿಗಳು ಮಳೆಗಾಲವೆಲ್ಲ ಬೇರು ತಿನ್ನುತ್ತವೆ. ಹುಲ್ಲು ಹಳದಿಯಾದುದನ್ನು ಕಂಡು ಇನ್ನಷ್ಟು ಯೂರಿಯಾ ಸುರಿಯುವವರಿದ್ದಾರೆ, ಬೇರೇ ಇಲ್ಲದ ಹುಲ್ಲಿಗೆ ಗೊಬ್ಬರ ಏನು ಮಾಡೀತು? ಹಳದಿ ಜಾಗದಲ್ಲಿ ಒಂದು ಚದರ ಅಡಿ ಹುಲ್ಲನ್ನು ಮೂರು ಬದಿ ಕೊಯ್ದು ಮಗುಚಿದರೆ ಸಂಗತಿ ತಿಳಿಯುತ್ತದೆ: ಬಾಗಿ ಮುದುರಿ ಮಲಗಿದ, ಕಂದು ತಲೆಯ ಬಿಳಿ ಹುಳುಗಳು ಐದಾರಕ್ಕಿಂತ ಹೆಚ್ಚಿದ್ದರೆ ಮದ್ದು ಬೇಕು. ಒಂದೆರಡಿದ್ದರೆ ಗೊರವಂಕಗಳಿಗೆ ಬಿಡಬಹುದು.

ಮದ್ದು ನಾಟುವುದು ಮರಿ ಇನ್ನೂ ಎಳೆಯದಾಗಿರುವ ಜೂನ್, ಜುಲೈ ತಿಂಗಳಲ್ಲಿ. ಮೆಟಾರೈಜಿಯಮ್ ಎಂಬ ಶಿಲೀಂಧ್ರವನ್ನು ಕಳಿತ ಗೊಬ್ಬರದಲ್ಲಿ ಬೆರೆಸಿ ತೇವವಿರುವ ನೆಲಕ್ಕೆ ಹಾಕಿದರೆ ಅದು ಹುಳುವಿನ ಮೈಮೇಲೆ ಬೆಳೆದು ಕೊಲ್ಲುತ್ತದೆ. ಬೇವಿನ ಹಿಂಡಿ ನಿಧಾನಗತಿಯ ಗೊಬ್ಬರವೂ ಹೌದು, ಹುಳುವಿಗೆ ಕಹಿಯೂ ಹೌದು. ಮೊದಲ ಮಳೆಯ ರಾತ್ರಿಗಳಲ್ಲಿ ಬೇವಿನ ಕೊಂಬೆ ಅಲುಗಿಸಿ, ಉದುರಿದ ದುಂಬಿಗಳನ್ನು ಸೀಮೆಎಣ್ಣೆ ಬೆರೆಸಿದ ನೀರಿಗೆ ಹಾಕುವ ರೈತರ ಉಪಾಯ ಅಂಗಳಕ್ಕೂ ಸಲ್ಲುತ್ತದೆ. ತೋಟದ ಕೆಲಸಗಾರರು ಹಿಂದೆ ಧಾರಾಳವಾಗಿ ಎರಚುತ್ತಿದ್ದ ಫೋರೇಟ್ ಗುಳಿಗೆಯನ್ನು 2020ರ ಡಿಸೆಂಬರ್ 31ರಿಂದ ದೇಶದಲ್ಲಿ ನಿಷೇಧಿಸಲಾಗಿದೆ. ಹಳೆಯ ಪೊಟ್ಟಣ ಉಳಿದಿದ್ದರೂ ಬಳಸಬಾರದು.

ಬೇರೆ ಯಾವುದೇ ಕೀಟನಾಶಕ ಕೊಳ್ಳುವಾಗ ಡಬ್ಬಿಯ ಮೇಲಿನ ಬಣ್ಣದ ಗುರುತು ನೋಡಬೇಕು: ಕೆಂಪು ಅತಿ ವಿಷ, ನಂತರ ಹಳದಿ, ನೀಲಿ, ಕೊನೆಗೆ ಹಸಿರು. ಮಕ್ಕಳು ಬರಿಗಾಲಲ್ಲಿ ಆಡುವ, ನಾಯಿ ಹೊರಳಾಡುವ ನೆಲದ ಹತ್ತಿರ ಕೆಂಪು, ಹಳದಿ ಸುಳಿಯದಿರುವುದು ಒಳ್ಳೆಯದು. ಹಸಿರಿನದನ್ನು ಹಾಕಿದಾಗಲೂ ನೆಲ ಒಣಗಿ, ಚೀಟಿಯಲ್ಲಿ ಹೇಳಿದ ಅವಧಿ ಕಳೆಯುವವರೆಗೆ ಯಾರನ್ನೂ ಅದರ ಮೇಲೆ ಬಿಡಬಾರದು.