ಸಿಗದ ಬೂಟಿಗೆ ಬದಲಿ ಯಾವುದು?

ಕಳೆದ ವರ್ಷ ಒಂದು ಮಧ್ಯಾಹ್ನ ನಮ್ಮ ಕಾಲೇಜಿನ ಬಿ.ಎಸ್‌ಸಿ. ತರಗತಿಯ ವಿದ್ಯಾರ್ಥಿಯೊಬ್ಬನು ಭೌತವಿಜ್ಞಾನದ ಪ್ರಯೋಗಶಾಲೆಗೆ ಬಂದು, ಕೈಚೀಲದಿಂದ ಎರಡು ಬೂಟುಗಳನ್ನು ತೆಗೆದು ಮೇಜಿನ ಮೇಲಿಟ್ಟನು. ಒಂದು ಸವೆದುಹೋದ ಹಳೆಯದು, ಇನ್ನೊಂದು ಹೊಚ್ಚಹೊಸದು. “ಸಾರ್, ಇವೆರಡೂ ಒಂದೇ ಎಂದು ಅಂಗಡಿಯವರು ಹೇಳಿದರು. ನನ್ನ ಕಾಲು ಮಾತ್ರ ಅಲ್ಲವೆನ್ನುತ್ತಿದೆ. ವ್ಯತ್ಯಾಸ ಎಲ್ಲಿದೆ, ನೋಡಬಹುದೆ?” ಎಂದು ಕೇಳಿದನು.

ಅವನು ದೂರದ ಓಟಗಾರ. ಮೂರು ವರ್ಷ ಒಂದೇ ಮಾದರಿಯ ಬೂಟನ್ನು ತೊಟ್ಟು ಓಡಿದವನು. ಕೊನೆಯ ಜೋಡಿ ಸವೆದಾಗ ಅಂಗಡಿಗೆ ಹೋದರೆ, ಆ ಮಾದರಿಯ ತಯಾರಿಕೆಯೇ ನಿಂತುಹೋಗಿತ್ತು. ಅದರ ಸ್ಥಾನಕ್ಕೆ ಬಂದುದು ಇದು ಎಂದು ಕೊಟ್ಟುದನ್ನು, ಕೆಲವು ತಿಂಗಳು ಕೂಡಿಟ್ಟ ಹಣ ತೆತ್ತು ತಂದನು. ಮೂರನೆಯ ವಾರಕ್ಕೆ ಹಿಮ್ಮಡಿಯ ಮೇಲಿನ ಸ್ನಾಯುರಜ್ಜುವಿನಲ್ಲಿ ನೋವು ಕಾಣಿಸಿಕೊಂಡಿತು. ಅಂತರ ಕಾಲೇಜು ಪಂದ್ಯಕ್ಕೆ ಎರಡೂವರೆ ತಿಂಗಳು ಮಾತ್ರ ಉಳಿದಿತ್ತು. ಮತ್ತೊಮ್ಮೆ ತಪ್ಪು ಬೂಟು ಕೊಂಡರೆ ಆ ವರ್ಷದ ಓಟ ಅಲ್ಲಿಗೇ ಮುಗಿದಂತೆ.

ಬೂಟಿನ ಮಾತು ವಿಜ್ಞಾನದ ಪತ್ರಿಕೆಯಲ್ಲೇಕೆ ಎಂದು ವಾಚಕರು ಕೇಳಬಹುದು. ಆದರೆ ಆ ವಿದ್ಯಾರ್ಥಿಯ ಪ್ರಶ್ನೆ ಅಪ್ಪಟ ಭೌತವಿಜ್ಞಾನದ ಪ್ರಶ್ನೆ. ಎರಡು ವಸ್ತುಗಳು ‘ಒಂದೇ’ ಎಂದು ಯಾವಾಗ ಹೇಳಬಹುದು? ಯಾವ ಗುಣಗಳನ್ನು ಅಳೆದು ಹೇಳಬೇಕು? ಇದನ್ನು ಇಲ್ಲಿ ವಿವೇಚಿಸೋಣ.

ಪಾದದ ಕೆಳಗೆ ನಡೆಯುವುದೇನು?

60 ಕಿಲೋಗ್ರಾಂ ತೂಕದ ಮನುಷ್ಯನು ಸುಮ್ಮನೆ ನಿಂತಾಗ ನೆಲದ ಮೇಲೆ ಬೀಳುವ ಬಲ ಸುಮಾರು 600 ನ್ಯೂಟನ್. ಓಡುವಾಗ ಒಂದೊಂದು ಹೆಜ್ಜೆಯಲ್ಲಿಯೂ ಈ ಬಲ ಎರಡರಿಂದ ಮೂರು ಪಟ್ಟಿಗೆ ಏರುತ್ತದೆ. ಎರಡೂವರೆ ಪಟ್ಟು ಎಂದಿಟ್ಟುಕೊಂಡರೆ 1500 ನ್ಯೂಟನ್. ಪಾದ ನೆಲದ ಮೇಲಿರುವ ಅವಧಿ ಸುಮಾರು ಕಾಲು ಸೆಕೆಂಡು. ಸಾಧಾರಣ ವೇಗದ ಓಟದಲ್ಲಿ ಒಂದು ಕಿಲೋಮೀಟರಿಗೆ ಸುಮಾರು 1000 ಹೆಜ್ಜೆಗಳಾಗುತ್ತವೆ. ಎಂದರೆ 10 ಕಿಲೋಮೀಟರಿನ ಓಟದಲ್ಲಿ ಒಂದೊಂದು ಕಾಲೂ ಈ ಬಲವನ್ನು 5000 ಸಲ ತಾಳಿಕೊಳ್ಳಬೇಕು. ಬೂಟಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ವ್ಯತ್ಯಾಸವಾದರೂ 5000 ಸಲ ಪುನರಾವೃತ್ತಿಯಾದಾಗ ಸಣ್ಣದಾಗಿ ಉಳಿಯುವುದಿಲ್ಲ.

ಈ ಹೊರೆಯನ್ನು ಹೊರುವುದು ಬೂಟೊಂದೇ ಅಲ್ಲ. ನೆಲ ಮುಟ್ಟಿದ ಕಾಲು ಮಂಡಿ, ಹರಡುಗಳಲ್ಲಿ ಬಾಗಿ, ಒತ್ತಿದ ಸ್ಪ್ರಿಂಗಿನಂತೆ ಸುಮಾರು 10 ಸೆಂಟಿಮೀಟರು ಕುಗ್ಗಿ ಮತ್ತೆ ನಿಗುರುತ್ತದೆ. ಬೂಟಿನ ಅಟ್ಟೆ ಕುಗ್ಗುವುದು ಹೆಚ್ಚೆಂದರೆ 1 ಸೆಂಟಿಮೀಟರಿನ ಆಸುಪಾಸು. ಒಂದರ ಮೇಲೊಂದು ನಿಲ್ಲಿಸಿದ ಎರಡು ಸ್ಪ್ರಿಂಗುಗಳೆಂದು ಇವನ್ನು ಭಾವಿಸಬಹುದು; ಕಾಲು ದೊಡ್ಡದು, ಬೂಟು ಚಿಕ್ಕದು.

ವಿಶೇಷವೆಂದರೆ, ದೊಡ್ಡ ಸ್ಪ್ರಿಂಗಿನ ಬಿಗಿತ ಸ್ಥಿರವಲ್ಲ. 1998ರಲ್ಲಿ ಅಮೆರಿಕದ ಡೇನಿಯಲ್ ಫೆರಿಸ್ ಮತ್ತು ಅವರ ಸಂಗಡಿಗರು ಬೇರೆ ಬೇರೆ ಬಿಗಿತದ ನೆಲಗಳ ಮೇಲೆ ಜನರನ್ನು ಓಡಿಸಿ ಅಳೆದರು. ನೆಲ ಮೆತ್ತಗಾದಷ್ಟೂ ಓಟಗಾರರು ತಮ್ಮ ಕಾಲನ್ನು ಬಿಗಿಗೊಳಿಸುತ್ತಿದ್ದರು. ನೆಲ ಗಟ್ಟಿಯಾದಷ್ಟೂ ಸಡಿಲಿಸುತ್ತಿದ್ದರು. ಕಾಲು ಮತ್ತು ನೆಲ ಕೂಡಿದ ಒಟ್ಟು ಬಿಗಿತ ಹೆಚ್ಚುಕಡಮೆ ಒಂದೇ ಆಗಿರುತ್ತಿತ್ತು. ವರ್ಷಗಟ್ಟಲೆ ಒಂದೇ ಮಾದರಿಯಲ್ಲಿ ಓಡಿದವನ ಸ್ನಾಯುಗಳೂ ಹೀಗೆಯೇ ಆ ಬೂಟಿಗೆ ಶ್ರುತಿಗೊಂಡಿರುತ್ತವೆ ಎಂದು ಊಹಿಸುವುದು ತಪ್ಪಾಗಲಾರದು. ಆದುದರಿಂದ ನಾವು ಹುಡುಕಬೇಕಾದುದು ಎಲ್ಲಕ್ಕಿಂತ ಒಳ್ಳೆಯ ಬೂಟನ್ನಲ್ಲ, ಹಳೆಯದರ ಗುಣಗಳಿಗೆ ಸಮೀಪವಾದ ಬೂಟನ್ನು.

ಹೆಸರು ಅದೇ, ಒಳಗು ಬೇರೆ

ಓಟದ ಬೂಟಿನ ಜೀವಾಳ ಅದರ ನಡುವಣ ಅಟ್ಟೆ. ಬಹಳ ಕಾಲದಿಂದ ಇದನ್ನು ಎಥಿಲೀನ್ ವಿನೈಲ್ ಅಸಿಟೇಟ್ ಎಂಬ ಪ್ಲಾಸ್ಟಿಕ್ಕಿನ ಫೋಮಿನಿಂದ ಮಾಡುತ್ತ ಬಂದಿದ್ದಾರೆ. ಫೋಮೆಂದರೆ ಅನಿಲ ತುಂಬಿದ ಅಸಂಖ್ಯಾತ ಪುಟ್ಟ ಗುಳ್ಳೆಗಳ ರಾಶಿ. ಪಾದ ಒತ್ತಿದಾಗ ಗುಳ್ಳೆಗಳು ಚಪ್ಪಟೆಯಾಗುತ್ತವೆ. ಪಾದ ಎದ್ದಾಗ ಮತ್ತೆ ಉಬ್ಬುತ್ತವೆ. ಒತ್ತುವಾಗ ವ್ಯಯವಾದ ಶಕ್ತಿಯೆಲ್ಲ ಹಿಂದಿರುಗುವುದಿಲ್ಲ. ಒಂದು ಪಾಲು ಉಷ್ಣವಾಗಿ ಹೋಗುತ್ತದೆ.

ಈ ಪಾಲು ಎಷ್ಟೆಂಬುದು ಫೋಮಿನ ಜಾತಿಯನ್ನು ಅವಲಂಬಿಸಿದೆ. ಕೊಲೊರಾಡೊ ವಿಶ್ವವಿದ್ಯಾನಿಲಯದಲ್ಲಿ ನಡೆದು 2018ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಮೂರು ಬೂಟುಗಳನ್ನು ಯಂತ್ರದಲ್ಲಿ ಒತ್ತಿ ನೋಡಿದರು. ಎಥಿಲೀನ್ ವಿನೈಲ್ ಅಸಿಟೇಟಿನ ಬೂಟು ಶೇಕಡಾ 66ರಷ್ಟು, ಪಾಲಿಯುರಿಥೇನ್ ಮಣಿಗಳನ್ನು ಬೆಸೆದು ಮಾಡಿದ ಬೂಟು ಶೇಕಡಾ 76ರಷ್ಟು, ಪಾಲಿಈಥರ್ ಬ್ಲಾಕ್ ಅಮೈಡ್ ಎಂಬ ಹೊಸ ಫೋಮಿನ ಬೂಟು ಶೇಕಡಾ 87ರಷ್ಟು ಶಕ್ತಿಯನ್ನು ಹಿಂದಿರುಗಿಸಿದುವು.

ಇಂಥ ಹೊಸ ಫೋಮುಗಳು ಬಂದಂತೆಲ್ಲ ಹಳೆಯ ಮಾದರಿಗಳು ಮರೆಯಾಗುತ್ತವೆ, ಇಲ್ಲವೆ ಹೆಸರನ್ನು ಉಳಿಸಿಕೊಂಡು ಒಳಗೆ ಬದಲಾಗುತ್ತವೆ. ನೈಕಿ ಪೆಗಾಸಸ್ ಎಂಬ ಬೂಟು 1983ರಲ್ಲಿ ಮಾರುಕಟ್ಟೆಗೆ ಬಂದು, 2024ರಲ್ಲಿ 41ನೆಯ ಆವೃತ್ತಿಯನ್ನು ಮುಟ್ಟಿತು. 2020ರ 37ನೆಯ ಆವೃತ್ತಿಯಲ್ಲಿ ಅದರ ಫೋಮೇ ಬೇರೆಯಾಯಿತು. ಹೆಸರನ್ನು ನೋಡಿ ಬೂಟು ಕೊಳ್ಳುವುದು, ಮನೆತನದ ಹೆಸರನ್ನು ಕೇಳಿ ಮೊಮ್ಮಗನ ಸ್ವಭಾವವನ್ನು ಊಹಿಸಿದ ಹಾಗೆ.

ಮೇಜಿನ ಮೇಲಿನ ಪರೀಕ್ಷೆ

ಈಗ ನಮ್ಮ ವಿದ್ಯಾರ್ಥಿಯ ಎರಡು ಬೂಟುಗಳಿಗೆ ಬರೋಣ. ಕಾಲೇಜಿನ ಪ್ರಯೋಗಶಾಲೆಯಲ್ಲಿ ಸಿಗುವ ಉಪಕರಣಗಳಿಂದಲೇ ಅವನ್ನು ಅಳೆದೆವು.

ಮೊದಲನೆಯದು ತೂಕ. ಒಂದೊಂದು ಬೂಟಿಗೂ 100 ಗ್ರಾಂ ಸೇರಿದರೆ ಓಟಕ್ಕೆ ವ್ಯಯವಾಗುವ ಶಕ್ತಿ ಸುಮಾರು ಶೇಕಡಾ 1ರಷ್ಟು ಹೆಚ್ಚುತ್ತದೆಂದು ತಿಳಿದುಬಂದಿದೆ. ಇವೆರಡರ ನಡುವಿನ ಅಂತರ 15 ಗ್ರಾಂ ಮಾತ್ರ, ಅಪರಾಧಿ ತೂಕವಲ್ಲ.

ಎರಡನೆಯದು ಅಟ್ಟೆಯ ದಪ್ಪ. ಹೊರಗಿನಿಂದ ನೋಡಿ ಇದನ್ನು ಹೇಳಲಾಗದು, ಏಕೆಂದರೆ ಅಟ್ಟೆಯ ಅಂಚುಗಳು ಪಾದದ ಮಟ್ಟಕ್ಕಿಂತ ಮೇಲೆದ್ದಿರುತ್ತವೆ. ಕ್ಯಾಲಿಪರ್ಸಿನ ಒಂದು ಕಾಲನ್ನು ಬೂಟಿನೊಳಗೂ ಇನ್ನೊಂದನ್ನು ಅಟ್ಟೆಯ ಕೆಳಗೂ ಇಟ್ಟು, ಹಿಮ್ಮಡಿಯ ನಡುವಿನಲ್ಲಿಯೂ ಮುಂಗಾಲಿನ ನಡುವಿನಲ್ಲಿಯೂ ಅಳೆದೆವು. ಹಳೆಯ ಬೂಟಿನಲ್ಲಿ 28 ಮತ್ತು 18 ಮಿಲಿಮೀಟರು. ಹೊಸದರಲ್ಲಿ 29 ಮತ್ತು 25. ಎಂದರೆ ಹಿಮ್ಮಡಿಯಿಂದ ಮುಂಗಾಲಿಗೆ ಇಳಿಜಾರು ಹಳೆಯದರಲ್ಲಿ 10 ಮಿಲಿಮೀಟರು, ಹೊಸದರಲ್ಲಿ 4!

ಹುಡುಗನ ನೋವಿಗೆ ಕಾರಣ ಇಲ್ಲಿಯೇ ಇರಬಹುದೆಂದು ನಮಗೆ ತೋರಿತು. ಮುಂಗಾಲಿಗೆ ಹೋಲಿಸಿದರೆ ಹಿಮ್ಮಡಿ 6 ಮಿಲಿಮೀಟರು ತಗ್ಗಿತ್ತು. ಹಿಮ್ಮಡಿ ತಗ್ಗಿದಾಗ ಮೀನಖಂಡದ ಸ್ನಾಯುವೂ ಅದರ ರಜ್ಜುವೂ ಹೆಚ್ಚು ಹಿಗ್ಗಿ ಕೆಲಸ ಮಾಡಬೇಕಾಗುತ್ತದೆ. ಮಂಡಿಯ ಹೊರೆಯಲ್ಲಿ ಒಂದು ಭಾಗ ಹರಡಿನ ಕಡೆಗೆ ಜರಗುತ್ತದೆ. ಕಡಮೆ ಇಳಿಜಾರು ಕೆಟ್ಟದ್ದೆಂದು ಇದರ ಅರ್ಥವಲ್ಲ. ಅದರಲ್ಲಿಯೇ ಸುಖವಾಗಿ ಓಡುವವರೂ ಇದ್ದಾರೆ. ಆದರೆ 10ಕ್ಕೆ ಒಗ್ಗಿದ ಕಾಲನ್ನು ಒಂದೇ ದಿನದಲ್ಲಿ 4ಕ್ಕೆ ಇಳಿಸಿದುದು ತಪ್ಪು.

ಮೂರನೆಯದು ಫೋಮಿನ ಪುಟಿತ. ಒಳಗಿನ ಮೆತ್ತೆಯನ್ನು ತೆಗೆದು, ಬೂಟನ್ನು ಕಲ್ಲಿನ ನೆಲದ ಮೇಲಿಟ್ಟು, ಹಿಮ್ಮಡಿಯ ಜಾಗಕ್ಕೆ ಉಕ್ಕಿನ ಗುಂಡೊಂದನ್ನು 1 ಮೀಟರು ಎತ್ತರದಿಂದ ಬಿಡಬೇಕು. ಗುಂಡು 40 ಸೆಂಟಿಮೀಟರು ಮೇಲೆದ್ದರೆ ಶೇಕಡಾ 40ರಷ್ಟು ಶಕ್ತಿ ಹಿಂದಿರುಗಿತು ಎಂದಾಯಿತು. ಏಕೆಂದರೆ ಸ್ಥಿತಿಶಕ್ತಿ ಎತ್ತರಕ್ಕೆ ಅನುಪಾತದಲ್ಲಿರುತ್ತದೆ. ಪುಟಿತವನ್ನು ಮೊಬೈಲ್ ಕ್ಯಾಮೆರಾದಲ್ಲಿ ಚಿತ್ರೀಕರಿಸಿ, ಹಿಂದೆ ನಿಲ್ಲಿಸಿದ ಅಳತೆಪಟ್ಟಿಯ ನೆರವಿನಿಂದ ಓದಬಹುದು. ಚಿಕ್ಕ ಗುಂಡಿನ ಹೊಡೆತ ಪಾದದ ಒತ್ತಿಗೆ ಸಮವಲ್ಲ. ಆದುದರಿಂದ ಬಂದ ಸಂಖ್ಯೆಗೆ ಸ್ವತಂತ್ರವಾದ ಬೆಲೆಯಿಲ್ಲ. ಎರಡು ಬೂಟುಗಳನ್ನು ಹೋಲಿಸಲು ಮಾತ್ರ ಅದು ಉಪಯುಕ್ತ.

ಇಲ್ಲೊಂದು ಎಚ್ಚರಿಕೆ ಅಗತ್ಯ. ಹಳೆಯ ಬೂಟು ಹೊಸದಾಗಿದ್ದಾಗ ಇದ್ದಂತೆ ಈಗಿಲ್ಲ. 1985ರಲ್ಲಿ ಪ್ರಕಟವಾದ ಯಂತ್ರಪರೀಕ್ಷೆಯೊಂದರಲ್ಲಿ, 400ರಿಂದ 800 ಕಿಲೋಮೀಟರಿನಷ್ಟು ಬಳಕೆಯ ಬಳಿಕ, ಆಘಾತವನ್ನು ಹೀರುವ ಬೂಟಿನ ಸಾಮರ್ಥ್ಯ ಮೊದಲಿನ ಶೇಕಡಾ 60ಕ್ಕಿಂತಲೂ ಕೆಳಗಿಳಿದಿತ್ತು. ನಾವು ಮೆಚ್ಚಿಕೊಂಡು ನೆನೆಯುವುದು ಎಷ್ಟೋ ವೇಳೆ ಈ ಪಳಗಿದ ಬೂಟನ್ನು. ಹೊಸ ಬೂಟು ಮೊದಲ ದಿನ ಸ್ವಲ್ಪ ಬೇರೆಯಾಗಿ ತೋರಿದರೆ ಅದನ್ನು ತಳ್ಳಿಹಾಕಬೇಕಾಗಿಲ್ಲ.

ನಾಲ್ಕನೆಯದು ಆಕಾರ. ಬೂಟಿನ ಅಳತೆಯ ಸಂಖ್ಯೆ ಪಾದದ ಉದ್ದವನ್ನಲ್ಲ, ಬೂಟನ್ನು ಕಟ್ಟುವ ಅಚ್ಚಿನ ಉದ್ದವನ್ನು ಹೇಳುತ್ತದೆ. ನಮ್ಮಲ್ಲಿ ಬಳಕೆಯಲ್ಲಿರುವ ಬ್ರಿಟಿಷ್ ಪದ್ಧತಿಯಲ್ಲಿ ಒಂದು ಸಂಖ್ಯೆಯಿಂದ ಮುಂದಿನದಕ್ಕೆ ಅಂತರ ಅಂಗುಲದ ಮೂರನೆಯ ಒಂದು ಭಾಗ, ಎಂದರೆ ಸುಮಾರು 8.5 ಮಿಲಿಮೀಟರು. ಅಚ್ಚು ಬೇರೆಯಾದರೆ ಅದೇ ಸಂಖ್ಯೆಯ ಬೂಟು ಒಬ್ಬ ತಯಾರಕನಲ್ಲಿ ಸಡಿಲವಾಗಿಯೂ ಇನ್ನೊಬ್ಬನಲ್ಲಿ ಬಿಗಿಯಾಗಿಯೂ ಇರಬಹುದು. ಕಾಗದದ ಮೇಲೆ ನಿಂತು ಪಾದದ ಸುತ್ತ ಗೆರೆಯೆಳೆದು, ಅದನ್ನು ಬೂಟಿನ ಒಳಮೆತ್ತೆಯೊಡನೆ ಹೋಲಿಸುವುದು ಸುಲಭವಾದ ಉಪಾಯ. ಸಂಜೆಯ ವೇಳೆಗೆ ಪಾದ ಸ್ವಲ್ಪ ಉಬ್ಬಿರುವುದರಿಂದ ಬೂಟು ಕೊಳ್ಳಲು ಆ ಹೊತ್ತೇ ಲೇಸು.

ಹಳೆಯ ದಾಸ್ತಾನನ್ನು ಕೊಳ್ಳಬಹುದೆ?

ನಿಂತುಹೋದ ಮಾದರಿಯೇ ಎಲ್ಲಿಯಾದರೂ ಉಳಿದಿದ್ದರೆ ನಾಲ್ಕಾರು ಜೋಡಿ ತಂದಿಟ್ಟುಕೊಳ್ಳೋಣವೆಂದು ಹಲವರು ಯೋಚಿಸುತ್ತಾರೆ. ಒಂದು ಜೋಡಿಗೆ ಅಡ್ಡಿಯಿಲ್ಲ. ಆದರೆ ಅಟ್ಟದಲ್ಲಿ ಹಲವು ವರ್ಷ ಇಟ್ಟ ಬೂಟಿನ ಅಟ್ಟೆ ಒಂದು ದಿನ ಬೆಲ್ಲದ ಪುಡಿಯಂತೆ ಉದುರಿದುದನ್ನು ಮಲೆನಾಡಿನ, ಕರಾವಳಿಯ ವಾಚಕರು ಕಂಡಿರಬಹುದು. ಕೆಲವು ಬಗೆಯ ಪಾಲಿಯುರಿಥೇನುಗಳ ಅಣುಸರಪಣಿಗಳನ್ನು ಗಾಳಿಯ ತೇವ ಮೆಲ್ಲಮೆಲ್ಲನೆ ಕತ್ತರಿಸುತ್ತದೆ. ತೊಡದೆ ಇಟ್ಟರೂ ಬೂಟಿಗೆ ಮುಪ್ಪು ತಪ್ಪಿದ್ದಲ್ಲ.

ಕಾಲಿಗೂ ಸಮಯ ಬೇಕು

ವಿದ್ಯಾರ್ಥಿಯು ತನ್ನ ನಾಲ್ಕು ಅಳತೆಗಳನ್ನು ಚೀಟಿಯಲ್ಲಿ ಬರೆದುಕೊಂಡು ಅಂಗಡಿಗಳನ್ನು ಸುತ್ತಿದನು. ಬೇರೊಂದು ಕಂಪೆನಿಯ, ಮೊದಲಿನದಕ್ಕಿಂತ ಅಗ್ಗದ ಬೂಟೊಂದು ಹಳೆಯದಕ್ಕೆ ಹತ್ತಿರವಾಗಿತ್ತು. ಇಳಿಜಾರು 9 ಮಿಲಿಮೀಟರು. ಕಾಲೇಜಿನ ಕ್ರೀಡಾನಿಧಿ ಅರ್ಧ ಹಣವನ್ನು ಕೊಟ್ಟಿತು. ಕೊಳ್ಳುವ ಮೊದಲು ತೊಟ್ಟು ಓಡಿ ನೋಡೆಂದು ಹೇಳಿದ್ದೆವು. ಕಾಲಿಗೆ ಹಿತವೆನಿಸುವ ಬೂಟನ್ನು ಆರಿಸಿಕೊಂಡವನ ದೇಹ ತನಗೆ ಸಹಜವಾದ ಚಲನೆಯನ್ನು ಉಳಿಸಿಕೊಳ್ಳುತ್ತದೆ ಎಂಬ ಅಭಿಪ್ರಾಯವನ್ನು ಕೆನಡಾದ ಬೆನ್ನೋ ನಿಗ್ ಮತ್ತು ಸಂಗಡಿಗರು 2015ರಲ್ಲಿ ಮಂಡಿಸಿದ್ದಾರೆ. ಅಳತೆಯು ನೂರು ಬೂಟುಗಳನ್ನು ಮೂರಕ್ಕೆ ಇಳಿಸಿಕೊಡುತ್ತದೆ. ಆ ಮೂರರಲ್ಲಿ ಒಂದನ್ನು ಕಾಲೇ ಆರಿಸಬೇಕು.

ವೈದ್ಯರು ಹೇಳಿದಂತೆ ಮೂರು ವಾರ ವಿಶ್ರಾಂತಿ ಪಡೆದು, ಅವನು ಮೊದಲು ವಾರಕ್ಕೆ ಎರಡೇ ದಿನ, ಒಂದೆರಡು ಕಿಲೋಮೀಟರು, ಬಳಿಕ ಕ್ರಮವಾಗಿ ಹೆಚ್ಚಾಗಿ ಓಡಿದನು.

ಕಾಲಿನ ಈ ಒಗ್ಗುವಿಕೆಗೆ ಚರಿತ್ರೆಯಲ್ಲಿ ಒಂದು ಪ್ರಸಿದ್ಧ ನಿದರ್ಶನವಿದೆ. 1960ರ ರೋಮ್ ಒಲಿಂಪಿಕ್ಸಿನಲ್ಲಿ ಇಥಿಯೋಪಿಯದ ಅಬೆಬೆ ಬಿಕಿಲನಿಗೆ ಹೊಸ ಬೂಟು ಹಿಡಿಸಲಿಲ್ಲವೆಂದು ಹೇಳುತ್ತಾರೆ. ಬರಿಗಾಲಿನಲ್ಲಿ ಓಡಿ ಪಳಗಿದ್ದ ಆತ ಬರಿಗಾಲಿನಲ್ಲಿಯೇ ಮ್ಯಾರಥಾನ್ ಓಡಿ, 2 ಗಂಟೆ 15 ನಿಮಿಷ 16 ಸೆಕೆಂಡುಗಳಲ್ಲಿ ಗೆದ್ದನು. ನಾಲ್ಕು ವರ್ಷಗಳ ಬಳಿಕ ಟೋಕಿಯೊದಲ್ಲಿ ಬೂಟು ತೊಟ್ಟು ಓಡಿ ಮತ್ತೆ ಗೆದ್ದನು. ಬಿಕಿಲನ ಕಾಲು ಎರಡಕ್ಕೂ ಸಿದ್ಧವಾಗಿತ್ತು.

ನಮ್ಮ ವಿದ್ಯಾರ್ಥಿ ಅಂತರ ಕಾಲೇಜು ಪಂದ್ಯದಲ್ಲಿ ಏಳನೆಯವನಾಗಿ ಬಂದನು, ಪದಕ ಸಿಗಲಿಲ್ಲ. ಮರುದಿನ ತರಗತಿಗೆ ಕುಂಟದೆ ನಡೆದು ಬಂದನು. ಹಳೆಯ ಬೂಟುಗಳಲ್ಲಿ ಒಂದನ್ನು ಪ್ರಯೋಗಶಾಲೆಗೆ ಕೊಟ್ಟಿದ್ದಾನೆ. ಈ ವರ್ಷದ ವಿದ್ಯಾರ್ಥಿಗಳು ಅದರ ಮೇಲೆ ಗುಂಡು ಬಿಟ್ಟು ಪುಟಿತವನ್ನು ಅಳೆಯುತ್ತಿದ್ದಾರೆ.