ಸೀರೆಗೆ ತಕ್ಕ ಬೆಳಕು

ಇಳಕಲ್ ಸೀರೆಯನ್ನು ಕ್ಯಾಮೆರಾದಲ್ಲಿ ಹಿಡಿಯುವುದು ಸುಲಭವಲ್ಲ. ಸಾಂಪ್ರದಾಯಿಕ ಇಳಕಲ್‌ನಲ್ಲಿ ಒಡಲು ಹತ್ತಿಯದು, ಸೆರಗು ರೇಷ್ಮೆಯದು. ಎರಡರ ಹಾಸುಗಳನ್ನು ನೇಕಾರರು ಕೊಂಡಿ ಹಾಕಿ ಜೋಡಿಸುತ್ತಾರೆ. ಹತ್ತಿ ಬೆಳಕನ್ನು ಹೀರಿಕೊಳ್ಳುತ್ತದೆ, ರೇಷ್ಮೆ ಮಿಂಚುತ್ತದೆ. ಒಡಲಿಗೆ ಸಾಕಾಗುವಷ್ಟು ಬೆಳಕು ಕೊಟ್ಟರೆ ಕೆಂಪು ಸೆರಗಿನ ಮೇಲಿನ ಬಿಳಿ ತೋಪುತೆನೆ ವಿನ್ಯಾಸದ ಎಳೆಗಳು ಕರಗಿಹೋಗುತ್ತವೆ. ಸೆರಗಿಗೆ ಹೊಂದಿಸಿದರೆ ಒಡಲು ಮಂಕು. ಫ್ಯಾಷನ್ ಛಾಯಾಗ್ರಹಣ ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಪಾಠ ಸಿಗುವುದು ಕಷ್ಟ.

1986ರಲ್ಲಿ ದೆಹಲಿಯಲ್ಲಿ ಹುಟ್ಟಿದ ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆ, ಎಲ್ಲರ ಬಾಯಲ್ಲಿ ನಿಫ್ಟ್, ಬೆಂಗಳೂರಿಗೆ ಬಂದದ್ದು 1997ರಲ್ಲಿ. ಅಲ್ಲಿನ ಫ್ಯಾಷನ್ ಕಮ್ಯುನಿಕೇಶನ್ ವಿಭಾಗದಲ್ಲಿ ಗ್ರಾಫಿಕ್ ವಿನ್ಯಾಸದ ಜೊತೆಗೆ ಛಾಯಾಗ್ರಹಣ, ಸ್ಟೈಲಿಂಗ್ ಕೂಡ ಕಲಿಕೆಯ ಭಾಗ. ಇಂಥ ಕೋರ್ಸುಗಳ ಪ್ರಾಜೆಕ್ಟ್‌ನಲ್ಲಿ ಸಾಮಾನ್ಯವಾಗಿ ಸಹಪಾಠಿಯೇ ಮಾಡೆಲ್, ಇನ್ನೊಬ್ಬರು ಮೇಕಪ್‌ಗೆ, ಮತ್ತೊಬ್ಬರು ರಿಫ್ಲೆಕ್ಟರ್ ಹಿಡಿಯಲು. ರಿಫ್ಲೆಕ್ಟರ್ ಎಂದರೆ ಎಷ್ಟೋ ಸಲ ಥರ್ಮಾಕೋಲ್ ಹಾಳೆ.

ಆರು ಗಜ ಬಟ್ಟೆಯನ್ನು ಅಡಿಯಿಂದ ಮುಡಿಯವರೆಗೆ ತೋರಿಸಬೇಕಾದಾಗ ದೂರದ ಲೆಕ್ಕ ಬಹಳ ಮುಖ್ಯ. ದೂರ ಇಮ್ಮಡಿಯಾದರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ. ಮುಖದಿಂದ ಒಂದು ಮೀಟರ್ ದೂರದಲ್ಲಿ ಎತ್ತರಕ್ಕೆ ನಿಲ್ಲಿಸಿದ ದೀಪ ಪಾದದ ಬಳಿಯ ನೆರಿಗೆಗೆ ಸುಮಾರು ಎರಡು ಮೀಟರ್ ಆಗುತ್ತದೆ. ಮುಖ ಬೆಳಗಿ ನೆರಿಗೆ ಕತ್ತಲಲ್ಲಿ ಮುಳುಗುವುದು ಇದರಿಂದಲೇ. ಅದೇ ದೀಪವನ್ನು ಮೂರು ಮೀಟರ್ ಹಿಂದಕ್ಕೆ ಸರಿಸಿದರೆ ನೆರಿಗೆಗೂ ಮುಖದ ಮುಕ್ಕಾಲು ಪಾಲಿನ ಹತ್ತಿರದಷ್ಟು ಬೆಳಕು ಸಿಗುತ್ತದೆ. ಆದರೆ ಹಿಂದೆ ಸರಿದ ದೀಪದ ನೆರಳು ಗಡುಸಾಗುತ್ತದೆ, ರೇಷ್ಮೆಯ ಮೇಲೆ ಚುಕ್ಕಿಚುಕ್ಕಿಯಾಗಿ ಹೊಳಪು ಏಳುತ್ತದೆ. ಆಗ ದೀಪದ ಮುಂದೆ ಬಿಳಿ ಬೆಡ್‌ಶೀಟನ್ನು ಬಿಗಿಯಾಗಿ ಕಟ್ಟಿ ಬೆಳಕಿನ ಮೈಯನ್ನೇ ಹಿಗ್ಗಿಸುತ್ತಾರೆ. ಸೆರಗಿನ ಕಡೆ ಬೀಳುವ ಹೆಚ್ಚಿನ ಬೆಳಕನ್ನು ಕರಿಬಟ್ಟೆ ಅಡ್ಡ ಹಿಡಿದು ತಡೆಯುತ್ತಾರೆ.

ಈ ಹಂತದಲ್ಲಿ ಸ್ಟೈಲಿಂಗ್ ಮತ್ತು ಬೆಳಕು ಬೇರೆ ಬೇರೆ ವಿಷಯಗಳಾಗಿ ಉಳಿಯುವುದಿಲ್ಲ. ಉತ್ತರ ಕರ್ನಾಟಕದ ಹೆಂಗಸರಂತೆ ಸೆರಗನ್ನು ತಲೆಯ ಮೇಲೆ ಹೊದಿಸಬೇಕೆಂದು ಸ್ಟೈಲಿಸ್ಟ್ ತೀರ್ಮಾನಿಸಿದರೆ ಹಣೆಯ ಮೇಲೆ ನೆರಳು ಬೀಳುತ್ತದೆ, ಕೆಂಪು ರೇಷ್ಮೆಯಿಂದ ಚಿಮ್ಮಿದ ಬೆಳಕು ಕೆನ್ನೆಗೂ ಕೆಂಪು ಬಳಿಯುತ್ತದೆ. ಎದೆಮಟ್ಟದಲ್ಲಿ ಥರ್ಮಾಕೋಲ್ ಹಿಡಿಯುವುದೇ ಅದಕ್ಕೆ ಪರಿಹಾರ. ಕುಪ್ಪಸಕ್ಕೆ ಗುಳೇದಗುಡ್ಡದ ಖಣ ಜೋಡಿಸಿದರೆ ಊರಿಗೂ ಉಡುಗೆಗೂ ಒಪ್ಪುತ್ತದೆ. ಆದರೆ ಖಣದ ಹೊಳಪು ಸೆರಗಿನ ಹೊಳಪಿನೊಡನೆ ಪೈಪೋಟಿಗೆ ಇಳಿಯುವುದರಿಂದ ದೀಪವನ್ನು ಮತ್ತೆ ಪಕ್ಕಕ್ಕೆ ಸರಿಸಬೇಕು. ಒಡಲಿನ ಸಣ್ಣ ಚೌಕಳಿ ಇನ್ನೊಂದು ಗಂಡಾಂತರ. ಚೌಕಳಿಯ ಗೆರೆಗಳೂ ಡಿಜಿಟಲ್ ಸೆನ್ಸರಿನ ಸಾಲುಗಳೂ ಒಂದರ ಮೇಲೊಂದು ಬಿದ್ದು, ಬಟ್ಟೆಯಲ್ಲಿ ಇಲ್ಲದ ಅಲೆಗಳು ಚಿತ್ರದಲ್ಲಿ ಮೂಡುತ್ತವೆ. ಛಾಯಾಗ್ರಾಹಕರು ಇದಕ್ಕೆ ಮೋರೆ ಎನ್ನುತ್ತಾರೆ. ಕಂಪ್ಯೂಟರಿನಲ್ಲಿ ಸರಿಪಡಿಸುವುದಕ್ಕಿಂತ ಎರಡು ಹೆಜ್ಜೆ ಹಿಂದೆಮುಂದೆ ಸರಿಯುವುದು ಜಾಣತನ.

ಹಿತ್ತಾಳೆ ಕೊಡ, ಮೊರ, ಎತ್ತಿನ ಗಾಡಿ ತಂದಿಟ್ಟು ‘ಹಳ್ಳಿ ವಾತಾವರಣ’ ಕಟ್ಟುವ ಚಪಲ ಮಾತ್ರ ಬೇಡವೇ ಬೇಡ. ಕಣ್ಣು ಸಾಮಾನುಗಳ ಕಡೆ ಓಡುತ್ತದೆ, ನೇಯ್ಗೆ ಹಿಂದುಳಿಯುತ್ತದೆ. ಅಮೆರಿಕದ ಛಾಯಾಗ್ರಾಹಕ ಇರ್ವಿಂಗ್ ಪೆನ್ 1950ರಲ್ಲಿ ಪ್ಯಾರಿಸ್ಸಿನ ಉಡುಪುಗಳನ್ನು ತೆಗೆದದ್ದು ಹಳೆಯ ಛಾಯಾಗ್ರಹಣ ಶಾಲೆಯೊಂದರ ಮೇಲಂತಸ್ತಿನಲ್ಲಿ. ಉತ್ತರ ದಿಕ್ಕಿನಿಂದ ಬರುವ ಹಗಲು ಬೆಳಕು, ಹಿಂದೆ ರಂಗಮಂದಿರದ ಹಳೆಯ ಪರದೆ, ಅಷ್ಟೇ. ಕೋಟಿನ ಅಂಚು, ತೋಳಿನ ತಿರುವು, ಟೊಪ್ಪಿಗೆಯ ಆಕಾರ ಆ ಚಿತ್ರಗಳಲ್ಲಿ ಕೊರೆದಿಟ್ಟಂತೆ ಕಾಣುತ್ತವೆ.

ಕನ್ನಡ ನಾಡಿನ ವಿದ್ಯಾರ್ಥಿಗಳಿಗೆ ಮನೆಯ ಹತ್ತಿರದ ಮಾದರಿಯೂ ಇದೆ. ಮೈಸೂರಿನ ಸಿನಿಮಾ ಛಾಯಾಗ್ರಾಹಕ ವಿ.ಕೆ. ಮೂರ್ತಿ ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಕಲಿತು ಮುಂಬಯಿಗೆ ಹೋದವರು. 1959ರ ‘ಕಾಗಜ್ ಕೆ ಫೂಲ್’ ಚಿತ್ರದಲ್ಲಿ ಸ್ಟುಡಿಯೋದೊಳಗೆ ಇಳಿಯುವ ಆ ಪ್ರಸಿದ್ಧ ಬೆಳಕಿನ ಕೋಲನ್ನು ಅವರು ಸೃಷ್ಟಿಸಿದ್ದು ಕನ್ನಡಿಗಳಿಂದ ಬಿಸಿಲನ್ನು ಒಳಕ್ಕೆ ತಿರುಗಿಸಿ. ದುಬಾರಿ ದೀಪ ಬಾಡಿಗೆಗೆ ತರಲಾಗದ ತಂಡ ಕಾಲೇಜಿನ ಕಾರಿಡಾರಿನಲ್ಲೇ ಎರಡು ಕನ್ನಡಿ, ಒಂದು ಬೆಡ್‌ಶೀಟ್ ಹಿಡಿದು ಇದನ್ನು ಪ್ರಯತ್ನಿಸಬಹುದು.

ಬಿಸಿಲಾಗಲಿ, ಸ್ಟುಡಿಯೋ ಫ್ಲ್ಯಾಶ್ ಆಗಲಿ, ಒಂದನ್ನು ಆರಿಸಿಕೊಂಡ ಮೇಲೆ ಕೋಣೆಯ ಟ್ಯೂಬ್‌ಲೈಟ್ ಆರಿಸಲೇಬೇಕು. ಎರಡು ಬಗೆಯ ಬೆಳಕು ಬೆರೆತರೆ ಸೆರಗಿನ ಕೆಂಪು ಒಂದು ಕಡೆ ಇಟ್ಟಿಗೆಯ ಬಣ್ಣ, ಇನ್ನೊಂದು ಕಡೆ ನೇರಳೆ. ಮೊದಲ ಫ್ರೇಮಿನಲ್ಲಿ ಮಾಡೆಲ್ ಕೈಗೆ 24 ಬಣ್ಣದ ಚೌಕಗಳಿರುವ ಕಾರ್ಡು ಕೊಟ್ಟು ತೆಗೆದುಕೊಳ್ಳುವ ರೂಢಿ ಇದಕ್ಕಾಗಿಯೇ. ಸಂಜೆ ಕಂಪ್ಯೂಟರ್ ಮುಂದೆ ಕುಳಿತಾಗ ಆ ಚೌಕಗಳನ್ನು ನೋಡಿಯೇ ಉಳಿದ ಫ್ರೇಮುಗಳ ಬಣ್ಣ ಹೊಂದಿಸುತ್ತಾರೆ. ಸೀರೆಯನ್ನು ಆಗಲೂ ಮಡಿಚಿಡದೆ ಪಕ್ಕದಲ್ಲೇ ಹರಡಿಕೊಂಡಿರುತ್ತಾರೆ.